ಅಮೆರಿಕದ ತರಗತಿಗಳಲ್ಲಿ ಶಾಲಾಹಿಂಸೆಯ ಕಾದಂಬರಿ

ಹರೆಯದ ಓದುಗರಿಗೆಂದೇ ಬರೆದ, ಶಾಲೆಯೊಳಗಿನ ಹಿಂಸೆಯನ್ನೇ ವಸ್ತುವಾಗಿ ಇಟ್ಟುಕೊಂಡ ಕಾದಂಬರಿಗಳು ಅಮೆರಿಕದ ಇಂಗ್ಲಿಷ್ ತರಗತಿಗಳಿಗೆ ಬಂದು ಅರ್ಧ ಶತಮಾನ ದಾಟಿದೆ. ಈ ಅವಧಿಯಲ್ಲಿ ಪುಸ್ತಕಗಳು ಬದಲಾದಂತೆ ಅವುಗಳನ್ನು ಮುಂದಿಟ್ಟುಕೊಂಡು ಶಿಕ್ಷಕರು ಕೇಳುವ ಪ್ರಶ್ನೆಗಳೂ ಬದಲಾದವು. ಹೊಡೆದವನು ಯಾಕೆ ಹೊಡೆದ ಎಂಬುದು ಬಹುಕಾಲ ಚರ್ಚೆಯ ತಿರುಳಾಗಿತ್ತು. ಅದು ಮೆಲ್ಲಗೆ ಹಿಂದೆ ಸರಿದು, ಹೊಡೆಯುವುದನ್ನು ಕಂಡವರು, ಹೊಡೆಯುತ್ತಾನೆಂದು ಮೊದಲೇ ತಿಳಿದಿದ್ದವರು ಏನು ಮಾಡಿದರು ಎಂಬ ಪ್ರಶ್ನೆ ಮುಂದೆ ಬಂದಿತು. ಯಾವ ಶಿಕ್ಷಣತಜ್ಞರ ಸಭೆಯೂ ಕೂತು ಇದನ್ನು ತೀರ್ಮಾನಿಸಲಿಲ್ಲ. ಕಾದಂಬರಿಗಳು, ನಿಜವಾಗಿ ನಡೆದ ಗುಂಡಿನ ದಾಳಿಗಳು, ಪೋಷಕರ ದೂರುಗಳು, ನ್ಯಾಯಾಲಯಗಳ ತೀರ್ಪುಗಳು ಎಲ್ಲವೂ ಸೇರಿ ಚರ್ಚೆಯನ್ನು ಆ ಕಡೆಗೆ ತಳ್ಳಿದವು.

ಶಾಲೆಯ ಹಿಂಸೆ ಕತೆಗಳಿಗೆ ಹೊಸ ವಸ್ತುವೇನಲ್ಲ. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯಲ್ಲಿ ಫ್ಲ್ಯಾಶ್‌ಮನ್ ಎಂಬ ದೊಡ್ಡ ಹುಡುಗ ಟಾಮ್‌ನನ್ನು ಉರಿಯುವ ಬೆಂಕಿಯೆದುರು ಹಿಡಿದು ನಿಲ್ಲಿಸಿ ಮೈ ಸುಡುವಂತೆ ಮಾಡುತ್ತಾನೆ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿದ್ದ ಹ್ಯೂಸ್‌ಗೆ ಈ ಲೋಕ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ಕತೆಯಲ್ಲಿ ಕೊನೆಗೆ ಎಲ್ಲವೂ ಸರಿಹೋಗುತ್ತದೆ. ಫ್ಲ್ಯಾಶ್‌ಮನ್ ಕುಡಿದು ಸಿಕ್ಕಿಬಿದ್ದು ಶಾಲೆಯಿಂದ ಹೊರಬೀಳುತ್ತಾನೆ, ಹೆಡ್‌ಮಾಸ್ಟರ್ ಆರ್ನಲ್ಡ್ ದೊರೆಯಂಥ ಘನತೆಯಲ್ಲಿ ಉಳಿಯುತ್ತಾರೆ, ಟಾಮ್ ಸಜ್ಜನನಾಗುತ್ತಾನೆ. ಹಿಂಸೆ ಗಂಡುಹುಡುಗನನ್ನು ಹದಗೊಳಿಸುವ ಒಂದು ಘಟ್ಟ, ದಾಟಿದರೆ ಮುಗಿಯಿತು ಎಂಬ ಈ ನಂಬಿಕೆಯ ಮೇಲೆಯೇ ಇಂಗ್ಲೆಂಡಿನ ವಸತಿಶಾಲೆಯ ಕತೆಗಳು ಬಹುಕಾಲ ನಿಂತಿದ್ದವು.

ಆ ನಂಬಿಕೆಯನ್ನು ಮುರಿದವರು ಸ್ವತಃ ಒಬ್ಬ ಶಾಲಾ ಮೇಷ್ಟ್ರು. ಸಾಲ್ಸ್‌ಬರಿಯ ಬಿಷಪ್ ವರ್ಡ್ಸ್‌ವರ್ತ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಗೋಲ್ಡಿಂಗ್ 1954ರಲ್ಲಿ ‘ಲಾರ್ಡ್ ಆಫ್ ದ ಫ್ಲೈಸ್’ ಪ್ರಕಟಿಸಿದರು. ಅವರ ಜೀವನಚರಿತ್ರೆ ಬರೆದ ಜಾನ್ ಕೇರಿ ಒಂದು ಸಂಗತಿಯನ್ನು ದಾಖಲಿಸುತ್ತಾರೆ. ಊರ ಹತ್ತಿರದ ಫಿಗ್ಸ್‌ಬರಿ ರಿಂಗ್ ಎಂಬ ಪುರಾತನ ಮಣ್ಣಿನ ಕೋಟೆಗೆ ಹುಡುಗರನ್ನು ಕರೆದೊಯ್ದ ಗೋಲ್ಡಿಂಗ್ ಅವರನ್ನು ಎರಡು ಪಾಳಯ ಮಾಡಿ, ಒಂದು ಕೋಟೆ ಕಾಯಲಿ, ಇನ್ನೊಂದು ನುಗ್ಗಲಿ ಎಂದು ಬಿಟ್ಟು ನೋಡಿದ್ದರಂತೆ. ಕಾದಂಬರಿಯಲ್ಲಿ ಶಾಲೆಯ ಕಟ್ಟಡವಿಲ್ಲ, ದೊಡ್ಡವರೂ ಇಲ್ಲ. ಇರುವುದು ಶಾಲಾ ಹುಡುಗರು ಮತ್ತು ಅವರು ಶಾಲೆಯಿಂದ ಹೊತ್ತು ತಂದ ಮೇಲು ಕೀಳಿನ ಅಭ್ಯಾಸಗಳು ಮಾತ್ರ. ಅಮೆರಿಕದಲ್ಲಿ ಮೊದಲು ಹೇಳಿಕೊಳ್ಳುವಂತೆ ಮಾರಾಟವಾಗದ ಈ ಪುಸ್ತಕ 1959ರ ಅಗ್ಗದ ಆವೃತ್ತಿಯ ನಂತರ ಕಾಲೇಜುಗಳಲ್ಲಿ ಹಬ್ಬಿತು, ಅಲ್ಲಿಂದ ಹೈಸ್ಕೂಲಿಗೆ ಇಳಿಯಿತು. ಆರ್ಥರ್ ಆ್ಯಪಲ್‌ಬೀ ಅವರು 1989ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸರ್ಕಾರಿ ಹೈಸ್ಕೂಲುಗಳು ಕಡ್ಡಾಯವಾಗಿ ಓದಿಸುವ ಮೊದಲ ಹತ್ತು ಕೃತಿಗಳಲ್ಲಿ ಇದೂ ಒಂದು. ಹರೆಯದವರಿಗೆಂದೇ ಬರೆದ ಕಾದಂಬರಿಗೆ ಆ ಹತ್ತರಲ್ಲಿ ಜಾಗ ಸಿಕ್ಕಿರಲಿಲ್ಲ ಎಂಬುದನ್ನೂ ಗಮನಿಸಬೇಕು. ತರಗತಿಗಳಲ್ಲಿ ಗೋಲ್ಡಿಂಗ್ ಬಹಳ ವರ್ಷ ಸಂಕೇತಗಳ ಪಾಠವಾಗಿಯೇ ಉಳಿದರು. ಕತೆಯ ಶಂಖ ಏನನ್ನು ಸೂಚಿಸುತ್ತದೆ, ಕನ್ನಡಕ ಏನನ್ನು ಸೂಚಿಸುತ್ತದೆ ಎಂದು ಬರೆಸಿ ಅಂಕ ಹಾಕಲಾಗುತ್ತಿತ್ತು. ಅದೇ ಕೋಣೆಯ ಹಿಂದಿನ ಬೆಂಚಿನಲ್ಲಿ ದಿನವೂ ಗೋಳು ಹೊಯ್ಸಿಕೊಳ್ಳುವ ದಪ್ಪ ಹುಡುಗನೊಬ್ಬ ಕೂತಿದ್ದರೂ ಪಾಠ ಅವನತ್ತ ತಿರುಗಬೇಕಿರಲಿಲ್ಲ.

ಓದುಗನ ಅನುಭವಕ್ಕೂ ಪಠ್ಯಕ್ಕೂ ನಂಟಿದೆ ಎಂಬ ವಿಚಾರ ಮಾತ್ರ ಅದಕ್ಕಿಂತ ಹಳೆಯದು. ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್’ ಎಂಬ ಪುಸ್ತಕದಲ್ಲಿ ಇದನ್ನು ವಾದಿಸಿದ್ದರು. ಕೃತಿಯ ಅರ್ಥ ಪುಟದಲ್ಲಿ ಗಟ್ಟಿಯಾಗಿ ಕೂತಿರುವುದಿಲ್ಲ, ಓದುವವನು ತನ್ನ ಬದುಕನ್ನು ಅದರೆದುರು ತಂದಾಗ ಹುಟ್ಟುತ್ತದೆ ಎಂಬುದು ಅವರ ನಿಲುವು. ತರಗತಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಮೂರು ದಶಕ ಹಿಡಿಯಿತು. 1966ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಇಂಗ್ಲಿಷ್ ಅಧ್ಯಾಪಕರು ಸೇರಿದ ಸಮಾವೇಶ ವಿದ್ಯಾರ್ಥಿಯ ಮಾತು ಮತ್ತು ಅನುಭವವನ್ನು ಪಾಠದ ನಡುವೆ ತಂದಿತು.

ಮರುವರ್ಷವೇ, 1967ರಲ್ಲಿ, ಆ ವಿಚಾರಕ್ಕೆ ಹೇಳಿ ಮಾಡಿಸಿದಂತಹ ಕಾದಂಬರಿ ಬಂದಿತು. ಒಕ್ಲಹೋಮ ರಾಜ್ಯದ ಟಲ್ಸಾ ಊರಿನ ವಿಲ್ ರಾಜರ್ಸ್ ಹೈಸ್ಕೂಲಿನ ವಿದ್ಯಾರ್ಥಿನಿ ಎಸ್. ಇ. ಹಿಂಟನ್ ಹದಿನೈದರ ವಯಸ್ಸಿನಲ್ಲಿ ಬರೆಯಲು ತೊಡಗಿದ ‘ದ ಔಟ್‌ಸೈಡರ್ಸ್’ ಅದು. ಬರೆದವಳು ಹುಡುಗಿ ಎಂದು ತಿಳಿದರೆ ಹುಡುಗರು ಓದಲಿಕ್ಕಿಲ್ಲವೆಂದು ಪ್ರಕಾಶಕರು ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹಾಕಿದರು. ಬಡ ಕೇರಿಯ ಹುಡುಗರಿಗೂ ಶ್ರೀಮಂತ ಬಡಾವಣೆಯ ಹುಡುಗರಿಗೂ ನಡೆಯುವ ಬಡಿದಾಟ ಕತೆಯ ವಸ್ತು. ನಡುವೆ ಒಂದು ಕೊಲೆಯೂ ಆಗುತ್ತದೆ. ಕೊನೆಗೆ ನಿರೂಪಕ ಪೋನಿಬಾಯ್‌ಗೆ ಇಂಗ್ಲಿಷ್ ಮೇಷ್ಟ್ರು ಒಂದು ಪ್ರಬಂಧ ಬರೆಯಲು ಹೇಳುತ್ತಾರೆ, ಓದುಗ ಅದುವರೆಗೆ ಓದಿದ್ದೇ ಆ ಪ್ರಬಂಧ ಎಂದು ತಿಳಿಯುತ್ತದೆ. ಹಿಂಸೆಯ ಬಗ್ಗೆ ಬರೆಯುವುದಕ್ಕೆ ಶಾಲೆಯೇ ಜಾಗ ಕೊಡಬಹುದು ಎಂಬ ಮಾತನ್ನು ಕಾದಂಬರಿಯೇ ಹೀಗೆ ಹೇಳಿಬಿಟ್ಟಿತು. ಮಕ್ಕಳು ಇದನ್ನು ಎಷ್ಟು ಹಚ್ಚಿಕೊಂಡರೆಂದರೆ, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಬಳಿಯ ಲೋನ್ ಸ್ಟಾರ್ ಶಾಲೆಯ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕಿಯ ನೆರವಿನಿಂದ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾಗೆ ಪತ್ರ ಬರೆದು ಸಿನಿಮಾ ಮಾಡುವಂತೆ ಕೇಳಿಕೊಂಡರು. 1983ರಲ್ಲಿ ಸಿನಿಮಾ ಬಂದೇ ಬಂದಿತು.

ಹಿಂಟನ್‌ರ ಹುಡುಗರು ಹೊಡೆದಾಡುವುದು ಬೀದಿಯಲ್ಲಿ, ಪಾರ್ಕಿನಲ್ಲಿ. ಹಿಂಸೆಯನ್ನು ಶಾಲೆಯ ಆಡಳಿತದ ಒಳಗೇ ಇಟ್ಟು ತೋರಿಸಿದವರು ಮ್ಯಾಸಚುಸೆಟ್ಸ್‌ನ ಪತ್ರಕರ್ತ ರಾಬರ್ಟ್ ಕಾರ್ಮಿಯರ್. ಅವರ ಮಗ ಒಮ್ಮೆ ಕ್ಯಾಥೊಲಿಕ್ ಹೈಸ್ಕೂಲಿನಿಂದ ಮಾರಲೆಂದು ಚಾಕೊಲೇಟಿನ ಡಬ್ಬಿಗಳನ್ನು ಹೊತ್ತು ತಂದ. ಶಾಲೆಯ ನಿಧಿಗೆಂದು ಮಕ್ಕಳು ಮನೆಮನೆಗೆ ಹೋಗಿ ಮಾರುವುದು ಅಲ್ಲಿ ರೂಢಿ. ಮಗನಿಗೆ ಮನಸ್ಸಿರಲಿಲ್ಲ, ಅಪ್ಪ ಒತ್ತಾಯಿಸಲಿಲ್ಲ, ಮರುದಿನ ಅವನು ಡಬ್ಬಿಗಳನ್ನು ಹಿಂದಿರುಗಿಸಿ ಬಂದ. ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಎಂಬ ಯೋಚನೆ ಕಾರ್ಮಿಯರ್‌ರಲ್ಲಿ ಉಳಿದುಹೋಯಿತು. 1974ರ ‘ದ ಚಾಕೊಲೇಟ್ ವಾರ್’ ಹುಟ್ಟಿದ್ದು ಆ ಯೋಚನೆಯಿಂದ.

ಕಾದಂಬರಿಯ ಟ್ರಿನಿಟಿ ಶಾಲೆಯಲ್ಲಿ ‘ವಿಜಿಲ್ಸ್’ ಎಂಬ ಗುಪ್ತ ವಿದ್ಯಾರ್ಥಿಕೂಟವಿದೆ. ಆರ್ಚಿ ಕಾಸ್ಟೆಲೊ ಅದರ ತಲೆ. ಅವನು ಯಾರ ಮೇಲೂ ಕೈ ಎತ್ತುವುದಿಲ್ಲ. ಯಾರಿಗೆ ಯಾವ ಕೆಲಸ ಒಪ್ಪಿಸಿದರೆ ಅವನು ಒಳಗೇ ಕುಸಿಯುತ್ತಾನೆ ಎಂದು ಲೆಕ್ಕ ಹಾಕುವುದೇ ಅವನ ಕಸುಬು. ಶಾಲೆಯ ಹಂಗಾಮಿ ಮುಖ್ಯಸ್ಥ ಬ್ರದರ್ ಲಿಯಾನ್ ಲೆಕ್ಕಪತ್ರದಲ್ಲಿ ಸಿಕ್ಕಿಬಿದ್ದು, ಚಾಕೊಲೇಟ್ ಮಾರಾಟಕ್ಕೆ ಈ ಕೂಟದ ನೆರವು ಬೇಡುತ್ತಾನೆ. ಮಾರಲೊಲ್ಲೆ ಎಂದ ಜೆರ್ರಿ ರೆನೊ ಎಂಬ ಹೊಸ ಹುಡುಗನನ್ನು ಕೊನೆಗೆ ಇಡೀ ಶಾಲೆಯೆದುರು ಬಾಕ್ಸಿಂಗ್ ಅಂಕಣಕ್ಕೆ ಇಳಿಸಿ ಜರ್ಜರಿತನಾಗುವಂತೆ ಹೊಡೆಸಲಾಗುತ್ತದೆ. ಯಾವ ಏಟು ಬೀಳಬೇಕೆಂದು ಹುಡುಗರು ದುಡ್ಡು ಕೊಟ್ಟು ಚೀಟಿ ಕೊಳ್ಳುತ್ತಾರೆ. ಬ್ರದರ್ ಲಿಯಾನ್ ದೂರದ ದಿಬ್ಬದಲ್ಲಿ ನಿಂತು ನೋಡುತ್ತಾನೆ. ಒಳ್ಳೆಯವನು ಗೆಲ್ಲುವುದಿಲ್ಲ. ಹೊಡೆತ ತಿಂದ ಜೆರ್ರಿಯೇ ಗೆಳೆಯನಿಗೆ, ಅವರು ಹೇಳಿದಂತೆ ಕೇಳಿಬಿಡುವುದೇ ಮೇಲು ಎಂಬರ್ಥದ ಮಾತು ಹೇಳಲು ಒದ್ದಾಡುವಲ್ಲಿ ಕತೆ ಮುಗಿಯುತ್ತದೆ.

ಈ ಅಂತ್ಯವನ್ನು ಬದಲಿಸಿದರೆ ಪ್ರಕಟಿಸುತ್ತೇವೆ ಎಂದ ಸಂಪಾದಕರಿದ್ದರು. ಕಾರ್ಮಿಯರ್ ಒಪ್ಪಲಿಲ್ಲ. ಪುಸ್ತಕ ಬಂದಾಗ ಅಮೆರಿಕದ ಗ್ರಂಥಾಲಯ ಸಂಘದ ವಿಮರ್ಶಾ ಪತ್ರಿಕೆ ‘ಬುಕ್‌ಲಿಸ್ಟ್’ ತನ್ನ ಖಂಡನೆಯ ವಿಮರ್ಶೆಯನ್ನು ಸಾವಿನ ಸುದ್ದಿಗೆ ಹಾಕುವಂತಹ ಕಪ್ಪು ಚೌಕಟ್ಟಿನೊಳಗೆ ಅಚ್ಚುಹಾಕಿತು. ಆದರೆ ತರಗತಿಯ ಚರ್ಚೆಗೆ ಬೇಕಾದದ್ದು ಆ ಅಂತ್ಯವೇ. ಹಿತವಾಗಿ ಮುಗಿದ ಕತೆಯ ಮೇಲೆ ಹದಿನಾಲ್ಕರ ಮಕ್ಕಳು ಹೆಚ್ಚು ಹೊತ್ತು ಮಾತಾಡುವುದಿಲ್ಲ. ಇಲ್ಲಿ ಜೆರ್ರಿ ಮಾಡಿದ್ದು ಸರಿಯೇ, ಅವನ ಗೆಳೆಯ ಗೂಬರ್ ಕಾಯಿಲೆಯ ನೆಪದಲ್ಲಿ ಮನೆಯಲ್ಲಿ ಉಳಿದದ್ದು ತಪ್ಪೇ, ಚೀಟಿ ಕೊಂಡವರೆಲ್ಲ ಹೊಡೆದವರ ಲೆಕ್ಕಕ್ಕೇ ಬರುತ್ತಾರೆಯೇ ಎಂದು ಕೇಳಿದರೆ ತರಗತಿ ತಾನಾಗಿ ಎರಡು ಹೋಳಾಗುತ್ತದೆ. ಕಾರ್ಮಿಯರ್ ಬರೆಯುತ್ತಿದ್ದ ವರ್ಷಗಳಲ್ಲೇ ಸ್ವೀಡನ್ ಮತ್ತು ನಾರ್ವೆಯಲ್ಲಿ ಡಾನ್ ಓಲ್ವೀಯಸ್ ಶಾಲಾ ಪೀಡನೆಯ ಮೊದಲ ದೊಡ್ಡ ಅಧ್ಯಯನಗಳನ್ನು ನಡೆಸುತ್ತಿದ್ದರು. 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಬಂದ ಅವರ ಪುಸ್ತಕ 1978ರಲ್ಲಿ ಇಂಗ್ಲಿಷಿಗೆ ಬಂದಿತು. ಪೀಡಕ ಮತ್ತು ಬಲಿಪಶುವಿನ ಸುತ್ತ ನಗುವವರು, ಹುರಿದುಂಬಿಸುವವರು, ಸುಮ್ಮನಿರುವವರು ಇರುತ್ತಾರೆ ಎಂದು ಓಲ್ವೀಯಸ್ ಮುಂದೆ ಚಿತ್ರ ಬಿಡಿಸಿ ತೋರಿಸಿದ್ದನ್ನು ಟ್ರಿನಿಟಿಯ ಅಂಗಳ ಆಗಲೇ ತೋರಿಸಿತ್ತು.

ಪುಸ್ತಕ ತರಗತಿಗೆ ಬಂದ ಬೆನ್ನಲ್ಲೇ ದೂರುಗಳೂ ಬಂದವು. ಬೈಗುಳ, ಲೈಂಗಿಕ ಪ್ರಸ್ತಾಪ, ಧಾರ್ಮಿಕ ಶಾಲೆಯ ಅವಹೇಳನ, ನಿರಾಶೆ ಎಂಬ ಆಕ್ಷೇಪಗಳು ಮೂರು ದಶಕ ನಿಲ್ಲಲಿಲ್ಲ. ಗ್ರಂಥಾಲಯ ಸಂಘವು ಪ್ರತಿವರ್ಷ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಯಲ್ಲಿ 1998ರಲ್ಲೂ 2004ರಲ್ಲೂ ‘ದ ಚಾಕೊಲೇಟ್ ವಾರ್’ ಮೊದಲ ಸ್ಥಾನದಲ್ಲಿತ್ತು. ಇದಕ್ಕಿಂತ ದೊಡ್ಡ ಗದ್ದಲ ನಡೆದದ್ದು ಕಾರ್ಮಿಯರ್‌ರ ಇನ್ನೊಂದು ಕಾದಂಬರಿ ‘ಐ ಆ್ಯಮ್ ದ ಚೀಸ್’ ನೆಪದಲ್ಲಿ. ಫ್ಲಾರಿಡಾದ ಬೇ ಕೌಂಟಿಯಲ್ಲಿ 1986ರಲ್ಲಿ ಅದರ ಮೇಲೆ ದೂರು ಬಂದಾಗ ಗ್ಲೋರಿಯಾ ಪಿಪ್ಕಿನ್ ಮತ್ತು ರಿಲೀಯ ಲೆಂಟ್ ಎಂಬ ಇಬ್ಬರು ಶಿಕ್ಷಕಿಯರು ಪಟ್ಟು ಬಿಡದೆ ನಿಂತರು. ಜಿಲ್ಲೆಯ ಶಾಲಾ ಆಡಳಿತಾಧಿಕಾರಿ ಮರುವರ್ಷ ಎಲ್ಲ ಪಠ್ಯಗಳನ್ನೂ ಬೈಗುಳದ ಪ್ರಮಾಣದ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸಲು ಹೊರಟರು. ಆಗ ಶೇಕ್ಸ್‌ಪಿಯರ್ ಸೇರಿದಂತೆ ಅರವತ್ತಕ್ಕೂ ಮಿಕ್ಕಿದ ಕೃತಿಗಳು ಕೆಳದರ್ಜೆಗೆ ಬಿದ್ದವು. ಊರು ನಕ್ಕಿತು, ವಿದ್ಯಾರ್ಥಿಗಳೂ ಪೋಷಕರೂ ಶಿಕ್ಷಕರೂ ನ್ಯಾಯಾಲಯಕ್ಕೆ ಹೋದರು. ಈ ಪ್ರಕರಣಗಳಿಂದ ಶಿಕ್ಷಕರು ಕಲಿತ ಒಂದು ಪದ್ಧತಿ ಇಂದಿಗೂ ಉಳಿದಿದೆ. ಇಂತಹ ಪುಸ್ತಕ ಎತ್ತಿಕೊಳ್ಳುವ ಮೊದಲು ಯಾಕೆ ಓದಿಸುತ್ತಿದ್ದೇವೆಂದು ಬರೆದು ಇಟ್ಟುಕೊಳ್ಳುವುದು, ಮನೆಗೆ ಪತ್ರ ಕಳಿಸುವುದು, ಬೇಡವೆಂದವರಿಗೆ ಬೇರೊಂದು ಪುಸ್ತಕ ಸಿದ್ಧವಾಗಿ ಇಡುವುದು.

ಇದೇ ಕಾಲದ ಇನ್ನೊಂದು ಕಾದಂಬರಿ ತರಗತಿಯನ್ನು ಬಿಟ್ಟು ಹೊರಗೆ ಓದಿಸಿಕೊಂಡಿತು. ಸ್ಟೀಫನ್ ಕಿಂಗ್ 1977ರಲ್ಲಿ ರಿಚರ್ಡ್ ಬಾಕ್ಮನ್ ಎಂಬ ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ರೇಜ್’ನಲ್ಲಿ ಹೈಸ್ಕೂಲು ಹುಡುಗನೊಬ್ಬ ಶಿಕ್ಷಕಿಯನ್ನು ಕೊಂದು ತನ್ನ ತರಗತಿಯನ್ನೇ ಒತ್ತೆಯಾಗಿ ಹಿಡಿದುಕೊಳ್ಳುತ್ತಾನೆ. ಕತೆ ಮುಂದುವರಿದಂತೆ ಸಹಪಾಠಿಗಳು ಅವನ ಪಕ್ಷಕ್ಕೇ ವಾಲುತ್ತಾರೆ. 1997ರ ಡಿಸೆಂಬರ್ 1ರಂದು ಕೆಂಟಕಿಯ ವೆಸ್ಟ್ ಪಡೂಕಾದ ಹೀತ್ ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ ಹುಡುಗನ ಬಳಿ ಈ ಪುಸ್ತಕ ಸಿಕ್ಕಿತು. ಅದಕ್ಕೆ ಮೊದಲೂ ಅಂತಹ ಪ್ರಸಂಗಗಳಲ್ಲಿ ಇದರ ಹೆಸರು ಕೇಳಿಬಂದಿತ್ತು. ಯಾವ ಸರ್ಕಾರವೂ ನಿಷೇಧಿಸದೆ, ಕಿಂಗ್ ತಾವಾಗಿಯೇ ಪುಸ್ತಕವನ್ನು ಮಾರುಕಟ್ಟೆಯಿಂದ ತೆಗೆಸಿದರು. ಪುಸ್ತಕ ಯಾರನ್ನೂ ಕೊಲೆಗಾರನನ್ನಾಗಿ ಮಾಡುವುದಿಲ್ಲ, ಆದರೆ ಆಗಲೇ ಹೊತ್ತಿಕೊಂಡವನಿಗೆ ಉರಿ ಹೆಚ್ಚಿಸಬಹುದು ಎಂಬುದು 2013ರ ‘ಗನ್ಸ್’ ಪ್ರಬಂಧದಲ್ಲಿ ಅವರು ಕೊಟ್ಟ ಸಮಜಾಯಿಷಿ. ನ್ಯಾಯಾಲಯದ ನಿಲುವು ಬೇರೆಯಿತ್ತು. ಅದೇ ಪಡೂಕಾ ಪ್ರಕರಣದಲ್ಲಿ ಸತ್ತ ಮಕ್ಕಳ ಪೋಷಕರು ಸಿನಿಮಾ ಮತ್ತು ವಿಡಿಯೊ ಗೇಮ್ ತಯಾರಕರ ಮೇಲೆ ಹೂಡಿದ ದಾವೆಯನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ತಳ್ಳಿಹಾಕಿತು.

1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದು ತಾವೂ ಸತ್ತರು. ಮೊದಲ ವಾರದಲ್ಲೇ ಪತ್ರಿಕೆ, ಟಿವಿಗಳು ಒಂದು ಕತೆ ಕಟ್ಟಿಕೊಂಡವು. ಕ್ರೀಡಾಪಟುಗಳ ಕಾಟ ತಡೆಯಲಾರದೆ ಮೂಲೆಗುಂಪಾಗಿದ್ದ ಇಬ್ಬರು ಸೇಡು ತೀರಿಸಿಕೊಂಡರು ಎಂಬ ಕತೆ ಅದು. ಮುಂದಿನ ಹತ್ತು ವರ್ಷಗಳ ಹರೆಯದವರ ಕಾದಂಬರಿಗೆ ಇದೇ ಅಚ್ಚಾಯಿತು.

ಆ ಸಾಲಿನಲ್ಲಿ ಮೊದಲು ಬಂದದ್ದು ಟಾಡ್ ಸ್ಟ್ರಾಸರ್‌ರ ‘ಗಿವ್ ಎ ಬಾಯ್ ಎ ಗನ್’. 2000ದಲ್ಲಿ ಪ್ರಕಟವಾದ ಇದರಲ್ಲಿ ಕತೆ ಹೇಳುವ ಒಬ್ಬನೇ ನಿರೂಪಕನಿಲ್ಲ. ಶಾಲೆಯ ನೃತ್ಯಕೂಟವನ್ನು ಒತ್ತೆಯಾಗಿ ಹಿಡಿದ ಇಬ್ಬರ ಬಗ್ಗೆ ಗೆಳೆಯರು, ಶಿಕ್ಷಕರು, ನೆರೆಯವರು ಹೇಳುವ ತುಣುಕು ಮಾತುಗಳನ್ನು ಜೋಡಿಸಿ ಕತೆ ಹೆಣೆದಿದ್ದಾರೆ. ಪುಟದ ಕೆಳಗಿನ ಅಡಿಟಿಪ್ಪಣಿಗಳಲ್ಲಿ ಬಂದೂಕು ಮತ್ತು ಶಾಲಾಹಿಂಸೆಯ ನಿಜ ಸಂಗತಿಗಳಿವೆ. ಕಲೆಯಾಗಿ ನೋಡಿದರೆ ಈ ಟಿಪ್ಪಣಿಗಳು ಭಾಷಣದಂತೆ ಕಾಣುತ್ತವೆ, ಪಾಠಕ್ಕೆ ಮಾತ್ರ ಅವು ತುಂಬ ಒದಗಿಬಂದವು. ರಾನ್ ಕೋರ್ಟ್ಜಿಯವರ ‘ದ ಬ್ರಿಮ್‌ಸ್ಟೋನ್ ಜರ್ನಲ್ಸ್’ (2001) ಹದಿನೈದು ವಿದ್ಯಾರ್ಥಿಗಳ ದನಿಯಲ್ಲಿ ಬರೆದ ಕವನಗಳ ಮಾಲೆ. ವಾಲ್ಟರ್ ಡೀನ್ ಮೈಯರ್ಸ್‌ರ ‘ಶೂಟರ್’ (2004) ಸಂದರ್ಶನ, ಪೊಲೀಸ್ ವರದಿ, ದಿನಚರಿಗಳ ಕಡತದಂತಿದೆ. ಹಲವು ದನಿಗಳ ಈ ರೂಪ ಮತ್ತೆ ಮತ್ತೆ ಬಂದದ್ದು ಆಕಸ್ಮಿಕವಲ್ಲ. ಯಾವೊಬ್ಬನ ವಿವರಣೆಯೂ ಸಾಲದು ಎಂಬುದು ಬರಹಗಾರರಿಗೆ ತಿಳಿದಿತ್ತು. ಆದರೂ ಎಲ್ಲ ದನಿಗಳೂ ಸೇರಿ ಬಹುಮಟ್ಟಿಗೆ ಅದೇ ಉತ್ತರಕ್ಕೆ ಬಂದು ನಿಲ್ಲುತ್ತಿದ್ದವು: ಅವರನ್ನು ಕಾಡಿದರು, ಅವರು ತಿರುಗಿಬಿದ್ದರು. ಜಾಯ್ಸ್ ಕರೋಲ್ ಓಟ್ಸ್‌ರ ‘ಬಿಗ್ ಮೌತ್ ಆ್ಯಂಡ್ ಅಗ್ಲಿ ಗರ್ಲ್’ (2002) ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿ ಗುಂಡು ಹಾರುವುದಿಲ್ಲ. ಊಟದ ಹಾಲಿನಲ್ಲಿ ಆಡಿದ ಒಂದು ತಮಾಷೆಯ ಮಾತಿಗೆ ಹುಡುಗನನ್ನು ಪೊಲೀಸರು ಎಳೆದೊಯ್ಯುತ್ತಾರೆ. ಕೊಲಂಬೈನ್ ನಂತರ ಶಾಲೆಗಳನ್ನು ಹಿಡಿದ ಭಯವೇ ಆ ಕತೆಯ ಖಳನಾಯಕ.

ಸೇಡಿನ ಕತೆ ಎಷ್ಟು ನಿಜ? ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಜೊತೆಯಾಗಿ 1974ರಿಂದ 2000ದವರೆಗಿನ 37 ದಾಳಿಗಳನ್ನು, 41 ದಾಳಿಕೋರರನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟವು. ಸುಮಾರು ಶೇ. 71ರಷ್ಟು ದಾಳಿಕೋರರು ಹಿಂದೆ ಕಾಟಕ್ಕೋ ಹಲ್ಲೆಗೋ ಗುರಿಯಾದವರು, ಇಲ್ಲವೇ ತಮಗೆ ಹಾಗಾಗಿದೆಯೆಂದು ಭಾವಿಸಿದವರು. ಆದರೆ ಎಲ್ಲರಿಗೂ ಒಪ್ಪುವ ಒಂದು ಮಾದರಿ ಇಲ್ಲವೆಂದು ವರದಿ ಸ್ಪಷ್ಟವಾಗಿ ಹೇಳಿತು. ತರಗತಿಯ ಚರ್ಚೆಗೆ ಹೆಚ್ಚು ಮುಖ್ಯವಾದ ಅಂಕಿ ಇನ್ನೊಂದು. ಶೇ. 81ರಷ್ಟು ಪ್ರಕರಣಗಳಲ್ಲಿ ದಾಳಿ ನಡೆಯುವ ಮೊದಲೇ ಕನಿಷ್ಠ ಒಬ್ಬರಿಗಾದರೂ ಸುಳಿವಿತ್ತು. ಆ ಒಬ್ಬರು ಬಹುತೇಕ ಗೆಳೆಯ, ಸಹಪಾಠಿ, ಇಲ್ಲವೇ ಒಡಹುಟ್ಟಿದವರು. ಬಳಿಕ 2009ರಲ್ಲಿ ಡೇವ್ ಕಲನ್ ‘ಕೊಲಂಬೈನ್’ ಎಂಬ ಪುಸ್ತಕದಲ್ಲಿ, ಆ ಇಬ್ಬರು ಯಾರನ್ನೂ ಆರಿಸಿ ಕೊಲ್ಲಲಿಲ್ಲ, ಊಟದ ಕೋಣೆಯನ್ನೇ ಬಾಂಬಿನಿಂದ ಉಡಾಯಿಸಲು ಹೊರಟಿದ್ದರು, ಬಾಂಬು ಸಿಡಿಯದ್ದರಿಂದ ಗುಂಡಿಗೆ ಇಳಿದರು ಎಂದು ತೋರಿಸಿ ಸೇಡಿನ ಕತೆಯನ್ನು ಅಲುಗಾಡಿಸಿದರು. ಆ ಶಾಲೆಯಲ್ಲಿ ಪೀಡನೆ ಇದ್ದದ್ದು ನಿಜವೆಂದು ಸಮಾಜಶಾಸ್ತ್ರಜ್ಞ ರಾಲ್ಫ್ ಲಾರ್ಕಿನ್ 2007ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ವಿವಾದ ಮುಗಿದಿಲ್ಲ.

ಶಿಕ್ಷಕರ ಮಟ್ಟಿಗೆ ಇದು ತೊಡಕಿನ ಪರಿಸ್ಥಿತಿ. ಕಾಟ ಕೊಡಬೇಡಿ, ಕೊಟ್ಟರೆ ಅವನು ಬಂದೂಕು ತರುತ್ತಾನೆ ಎಂಬ ಪಾಠ ಎರಡು ರೀತಿಯಲ್ಲಿ ಕೆಟ್ಟದ್ದು. ಸತ್ತವರ ಮೇಲೆ ತಪ್ಪು ಹೊರಿಸುತ್ತದೆ, ಮೌನವಾಗಿ ಕೂರುವ ಪ್ರತಿಯೊಂದು ಮಗುವನ್ನೂ ಅನುಮಾನದಿಂದ ನೋಡುವಂತೆ ಮಾಡುತ್ತದೆ. ಚರ್ಚೆ ನೋಡುಗರತ್ತ ತಿರುಗಿದ್ದಕ್ಕೆ ಇದೊಂದು ಕಾರಣ. ಬೋಧನೆಯ ವಿಧಾನಗಳೂ ಇದಕ್ಕೆ ಹೊಂದಿಕೊಂಡವು. ಹಾರ್ವಿ ಡೇನಿಯಲ್ಸ್ 1994ರಲ್ಲಿ ವಿವರಿಸಿದ ‘ಲಿಟರೇಚರ್ ಸರ್ಕಲ್’ ಪದ್ಧತಿಯಲ್ಲಿ ನಾಲ್ಕೈದು ಮಕ್ಕಳ ಗುಂಪು ಒಂದು ಪುಸ್ತಕವನ್ನು ತಾನೇ ಆರಿಸಿ ಓದಿ ಚರ್ಚಿಸುತ್ತದೆ. ಒಬ್ಬರು ಪ್ರಶ್ನೆ ಹಾಕುತ್ತಾರೆ, ಇನ್ನೊಬ್ಬರು ಮುಖ್ಯ ಭಾಗಗಳನ್ನು ಎತ್ತಿ ತೋರಿಸುತ್ತಾರೆ. ಮೂವತ್ತು ಜನರೆದುರು ಬಾಯಿ ಬಿಡದ ವಿದ್ಯಾರ್ಥಿ ನಾಲ್ವರೆದುರು ಮಾತಾಡಬಲ್ಲ. ಓದುವ ಮೊದಲು ಕೆಲವು ಹೇಳಿಕೆಗಳನ್ನು ಕೊಟ್ಟು ಒಪ್ಪಿಗೆಯೋ ಅಲ್ಲವೋ ಬರೆಸಿ, ಓದಿದ ಮೇಲೆ ಅದೇ ಹಾಳೆಗೆ ಮರಳಿಸುವುದು ಇನ್ನೊಂದು ರೂಢಿ. ಗೆಳೆಯನ ಗುಟ್ಟನ್ನು ದೊಡ್ಡವರಿಗೆ ಹೇಳುವುದು ಚಾಡಿಯೇ ಎಂಬಂತಹ ಹೇಳಿಕೆಗಳು ಇಲ್ಲಿ ಬರುತ್ತವೆ. ಯಾರಿಗೆ ಯಾವಾಗ ಏನು ತಿಳಿಯಿತು ಎಂದು ಅಧ್ಯಾಯವಾರು ಪಟ್ಟಿ ಮಾಡಿಸುವುದೂ ಉಂಟು. ಸ್ಟ್ರಾಸರ್‌ರಂತಹ ತುಣುಕು ನಿರೂಪಣೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಸ್ವಂತ ಅನುಭವ ಹೇಳೆಂದು ಯಾರನ್ನೂ ಒತ್ತಾಯಿಸಬಾರದು, ಪಾತ್ರದ ಮೂಲಕವೇ ಮಾತಾಡಲು ಬಿಡಬೇಕು, ಶಾಲೆಯ ಆಪ್ತಸಲಹೆಗಾರರಿಗೆ ಮೊದಲೇ ತಿಳಿಸಿರಬೇಕು ಎಂಬುದು ಅನುಭವಿ ಶಿಕ್ಷಕರು ಪಾಲಿಸುವ ಎಚ್ಚರಿಕೆ.

ಓದಿನ ನಂತರ ಬರವಣಿಗೆ ಬರುತ್ತದೆ, ಅಪಾಯವೂ ಅಲ್ಲೇ. ಸೀಕ್ರೆಟ್ ಸರ್ವಿಸ್ ವರದಿಯ ಪ್ರಕಾರ ದಾಳಿಕೋರರಲ್ಲಿ ಶೇ. 24ರಷ್ಟು ಮಂದಿ ಹಿಂಸೆಯ ಪುಸ್ತಕಗಳಲ್ಲಿ ಆಸಕ್ತಿ ತೋರಿದ್ದರು, ಶೇ. 37ರಷ್ಟು ಮಂದಿ ತಮ್ಮದೇ ಬರಹಗಳಲ್ಲಿ ಹಿಂಸೆಯನ್ನು ತೋಡಿಕೊಂಡಿದ್ದರು. ಹಾಗಾದರೆ ವಿದ್ಯಾರ್ಥಿಯ ಕರಾಳ ಕವಿತೆ ಕಲೆಯೇ, ಬೆದರಿಕೆಯೇ? ವಾಷಿಂಗ್ಟನ್ ರಾಜ್ಯದ ಬ್ಲೇನ್‌ನಲ್ಲಿ ಶಾಲಾ ದಾಳಿಯ ಬಗ್ಗೆ ಕವಿತೆ ಬರೆದು ಶಿಕ್ಷಕಿಗೆ ತೋರಿಸಿದ ಹುಡುಗನನ್ನು ಶಾಲೆ ತುರ್ತಾಗಿ ಹೊರಹಾಕಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಕ್ರಮವನ್ನು ಒಪ್ಪಿತು. ಕ್ಯಾಲಿಫೋರ್ನಿಯಾದಲ್ಲಿ ಅಂಥದೇ ಕವಿತೆಗಾಗಿ ಅಪರಾಧಿಯೆನಿಸಿದ ಹುಡುಗನನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ 2004ರಲ್ಲಿ ಬಿಡುಗಡೆ ಮಾಡಿತು. ಅರ್ಥ ಹಲವು ಬಗೆಯಾಗಬಲ್ಲ ಕವಿತೆಯನ್ನು ನೇರ ಬೆದರಿಕೆಯೆಂದು ಓದಲಾಗದು ಎಂಬುದು ಆ ತೀರ್ಪಿನ ತಿರುಳು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದವನು ಇಂಗ್ಲಿಷ್ ವಿಭಾಗದ ವಿದ್ಯಾರ್ಥಿ. ಕವಯಿತ್ರಿ ನಿಕಿ ಜಿಯೊವಾನಿ ಅವನನ್ನು ತಮ್ಮ ತರಗತಿಯಿಂದ ತೆಗೆಯುವಂತೆ ಮೊದಲೇ ಪಟ್ಟು ಹಿಡಿದಿದ್ದರೆಂಬುದು ಹೊರಬಂದ ಮೇಲೆ, ಸೃಜನಶೀಲ ಬರವಣಿಗೆ ಕಲಿಸುವವರು ಪ್ರತಿ ಕತೆಯನ್ನೂ ಎರಡು ಕಣ್ಣಿನಿಂದ ಓದಬೇಕಾಯಿತು.

2009ರಲ್ಲಿ ಬಂದ ಜೆನಿಫರ್ ಬ್ರೌನ್‌ರ ‘ಹೇಟ್ ಲಿಸ್ಟ್’ ಕಾದಂಬರಿಯ ದಿಕ್ಕನ್ನೇ ತಿರುಗಿಸಿತು. ಕತೆ ಆರಂಭವಾಗುವುದು ದಾಳಿ ಮುಗಿದ ಮೇಲೆ. ದಾಳಿ ಮಾಡಿ ಸತ್ತ ಹುಡುಗನ ಗೆಳತಿ ವ್ಯಾಲರಿ ಅದೇ ಶಾಲೆಗೆ ಮರಳುತ್ತಾಳೆ. ತಮಗಾಗದವರ ಹೆಸರುಗಳನ್ನು ಬೇಸರದಲ್ಲಿ ಪಟ್ಟಿ ಮಾಡಿದ್ದವಳು ಅವಳು, ಗುಂಡಿಗೆ ಅಡ್ಡ ನಿಂತು ಗಾಯಗೊಂಡವಳೂ ಅವಳೇ. ಅವಳು ತಪ್ಪಿತಸ್ಥೆಯೋ, ಕಾಪಾಡಿದವಳೋ ಎಂಬ ಪ್ರಶ್ನೆಗೆ ಕತೆ ಸಲೀಸಾದ ಉತ್ತರ ಕೊಡುವುದಿಲ್ಲ. ಹೀಗಾಗಿ ಅದು ತರಗತಿಯಲ್ಲಿ ಬಾಳಿತು. ಮರೀಕೆ ನೈಕಾಂಪ್‌ರ ‘ದಿಸ್ ಈಸ್ ವೇರ್ ಇಟ್ ಎಂಡ್ಸ್’ (2016) ಅಲಬಾಮಾದ ಕಲ್ಪಿತ ಊರೊಂದರ ಶಾಲಾ ಸಭಾಂಗಣದಲ್ಲಿ 54 ನಿಮಿಷಗಳಲ್ಲಿ ನಡೆಯುವುದನ್ನು ನಾಲ್ವರ ಬಾಯಿಂದ ಹೇಳಿಸುತ್ತದೆ. ಅದು ಹೆಚ್ಚು ಮಾರಾಟವಾಯಿತು, ಹೆಚ್ಚು ಓದಿಸಿಕೊಳ್ಳುತ್ತದೆ ಕೂಡ. ಆದರೆ ರೋಚಕತೆಯೇ ಮುಂದಾಗಿ, ದಾಳಿಕೋರ ಬರಿಯ ದುಷ್ಟನಾಗಿ ಉಳಿಯುತ್ತಾನೆ. ಚರ್ಚೆಗೆ ‘ಹೇಟ್ ಲಿಸ್ಟ್’ ಕೊಡುವಷ್ಟು ಎಡೆಯನ್ನು ಅದು ಕೊಡುವುದಿಲ್ಲ.

ಈ ಸಾಲಿನ ಬಹುತೇಕ ಪುಸ್ತಕಗಳ ಲೋಕ ಬಿಳಿಯರ ಉಪನಗರದ ಶಾಲೆ. ಅಮೆರಿಕದಲ್ಲಿ ಕೊಲೆಯಾಗುವ ಶಾಲಾ ವಯಸ್ಸಿನವರಲ್ಲಿ ಶಾಲೆಯ ಆವರಣದಲ್ಲಿ ಸಾಯುವವರು ಶೇ. 3ಕ್ಕಿಂತ ಕಡಿಮೆ. ಉಳಿದವರ ಸಾವು ಮನೆಯಲ್ಲಿ, ಬೀದಿಯಲ್ಲಿ, ಅದರಲ್ಲೂ ಕಪ್ಪು ಜನಾಂಗದ ಹುಡುಗರು ಲೆಕ್ಕ ಮೀರಿ ಸಾಯುತ್ತಾರೆ. ಹಾರ್ಲೆಮ್‌ನಲ್ಲಿ ಬೆಳೆದ ಮೈಯರ್ಸ್‌ಗೆ ಇದು ಗೊತ್ತಿತ್ತು. ‘ಶೂಟರ್’ನಲ್ಲಿ ಅವರು ದಾಳಿಕೋರನ ಗೆಳೆಯ ಕ್ಯಾಮರಾನ್‌ನನ್ನು ಆ ಶಾಲೆಯ ಕೆಲವೇ ಕಪ್ಪು ಹುಡುಗರಲ್ಲಿ ಒಬ್ಬನನ್ನಾಗಿಸಿ, ಒಳಗೆ ಸೇರಿಕೊಳ್ಳುವ ಆಸೆಗೆ ಅವನು ಎಷ್ಟು ಸಹಿಸಿಕೊಂಡ ಎಂದು ತೋರಿಸಿದರು. ಜೇಸನ್ ರೆನಾಲ್ಡ್ಸ್‌ರ ‘ಲಾಂಗ್ ವೇ ಡೌನ್’ (2017) ಲಿಫ್ಟಿನಲ್ಲಿ ಇಳಿಯುವ ಒಂದು ನಿಮಿಷದಲ್ಲಿ ನಡೆಯುವ ಪದ್ಯಕಾದಂಬರಿ. ಅಣ್ಣನ ಕೊಲೆಗೆ ಸೇಡು ತೀರಿಸಲು ಹೊರಟ ಹುಡುಗನ ಈ ಕತೆ ಶಾಲೆಯದಲ್ಲದಿದ್ದರೂ ಇಂದು ಅದೇ ಪಾಠದ ಪಟ್ಟಿಗಳಲ್ಲಿ ಸೇರಿಕೊಂಡಿದೆ.

ಅಮೆರಿಕದ ಈ ಪುಸ್ತಕಗಳು ಗಟ್ಟಿಯಾಗಿ ಬೇರುಬಿಟ್ಟ ಇನ್ನೊಂದು ದೇಶ ಜರ್ಮನಿ. ಸ್ಟ್ರಾಸರ್ ಅಲ್ಲಿ ಮಾರ್ಟನ್ ರೂ ಎಂಬ ಹೆಸರಿನಲ್ಲಿ ಪರಿಚಿತರು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 1967ರಲ್ಲಿ ಒಬ್ಬ ಶಿಕ್ಷಕರು ಸರ್ವಾಧಿಕಾರ ಹೇಗೆ ಹುಟ್ಟುತ್ತದೆಂದು ತೋರಿಸಲು ತರಗತಿಯಲ್ಲಿ ನಡೆಸಿದ ಪ್ರಯೋಗವನ್ನು ಆಧರಿಸಿದ ಅವರ ‘ದ ವೇವ್’ (1981) ಅಲ್ಲಿನ ಶಾಲೆಗಳ ಕಾಯಂ ಓದು. 2002ರ ಏಪ್ರಿಲ್‌ನಲ್ಲಿ ಎರ್ಫರ್ಟ್ ನಗರದ ಶಾಲೆಯಲ್ಲಿ ಹದಿನಾರು ಮಂದಿ ಕೊಲೆಯಾದ ಮೇಲೆ ‘ಗಿವ್ ಎ ಬಾಯ್ ಎ ಗನ್’ನ ಅನುವಾದವೂ ಜರ್ಮನ್ ತರಗತಿಗಳಿಗೆ ಬಂದಿತು. ಬಂದೂಕಿನ ಕಾನೂನು ಬಿಗಿಯಾಗಿರುವ ಆ ದೇಶದಲ್ಲಿ ಚರ್ಚೆ ಆಯುಧಕ್ಕಿಂತ ಗುಂಪಿನ ಒತ್ತಡದ ಸುತ್ತ ನಡೆಯುವುದು ಸಹಜ.

ಅಮೆರಿಕದ ಇಂದಿನ ವಿದ್ಯಾರ್ಥಿಗೆ ಈ ಕಾದಂಬರಿಗಳು ಊಹೆಯ ಲೋಕವಾಗಿ ಉಳಿದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಶೇ. 90ಕ್ಕೂ ಹೆಚ್ಚು ಕಡೆ ದಾಳಿಯಾದರೆ ಅಡಗಿಕೊಳ್ಳಲೆಂದು ಬಾಗಿಲು ಹಾಕಿ ದೀಪ ಆರಿಸಿ ಮೂಲೆಯಲ್ಲಿ ಕೂರುವ ಅಭ್ಯಾಸ ನಡೆಯುತ್ತದೆ. ಕೆಲಸದ ಮೇಲೆ ಹೋಗಿ ನೆಲೆಸಿದ ಕನ್ನಡದ ಕುಟುಂಬಗಳ ಮಕ್ಕಳೂ ಒಂದನೇ ತರಗತಿಯಿಂದಲೇ ಇದನ್ನು ಕಲಿಯುತ್ತಾರೆ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಮಂದಿ ಸತ್ತ ಮೇಲೆ ಅಲ್ಲಿನ ವಿದ್ಯಾರ್ಥಿಗಳೇ ಮುಂದೆ ನಿಂತು ರಾಷ್ಟ್ರವ್ಯಾಪಿ ಚಳವಳಿ ನಡೆಸಿದರು. ಅದರ ನಂತರ ಬಂದ ಕಾದಂಬರಿಗಳಲ್ಲಿ ಬದುಕುಳಿದವರು ಏನನ್ನು ಹೇಳಬೇಕು, ಯಾರ ಕತೆ ಸುಳ್ಳಾಗಿ ಹಬ್ಬಿತು ಎಂಬ ಪ್ರಶ್ನೆಗಳೇ ಮುಂದಾಗಿವೆ. ಕೋಡಿ ಕೆಪ್ಲಿಂಗರ್‌ರ ‘ದಟ್ಸ್ ನಾಟ್ ವಾಟ್ ಹ್ಯಾಪನ್ಡ್’ (2018) ಈ ಬಗೆಯದು.

ಇದರ ನಡುವೆ ಪುಸ್ತಕ ತೆಗೆಸುವ ಹಳೆಯ ಜಗಳ ಹೊಸ ಬಲದಿಂದ ಮರಳಿದೆ. ಜೋಡಿ ಪಿಕೊ 2007ರಲ್ಲಿ ಬರೆದ ‘ನೈಂಟೀನ್ ಮಿನಿಟ್ಸ್’ ದೊಡ್ಡವರಿಗೆಂದು ಬಂದರೂ ಹೈಸ್ಕೂಲುಗಳಲ್ಲಿ ಓದಿಸಿಕೊಂಡ ಕಾದಂಬರಿ. ನ್ಯೂ ಹ್ಯಾಂಪ್‌ಷೈರ್‌ನ ಶಾಲೆಯೊಂದರಲ್ಲಿ 19 ನಿಮಿಷ ನಡೆದ ದಾಳಿ ಅದರ ವಸ್ತು. ಪೆನ್ ಅಮೆರಿಕ ಸಂಸ್ಥೆಯ ಎಣಿಕೆಯಂತೆ 2023–24ರ ಶೈಕ್ಷಣಿಕ ವರ್ಷದಲ್ಲಿ ದೇಶದ ಶಾಲೆಗಳಿಂದ ಅತಿ ಹೆಚ್ಚು ಕಡೆ ತೆಗೆದ ಪುಸ್ತಕ ಇದೇ. ಆಕ್ಷೇಪ ಹತ್ಯೆಯ ಪುಟಗಳ ಮೇಲಲ್ಲ, ಒಬ್ಬ ಹುಡುಗಿಯ ಮೇಲೆ ನಡೆಯುವ ಅತ್ಯಾಚಾರವನ್ನು ಹೇಳುವ ಒಂದು ಪುಟದ ಮೇಲೆ. 1999ರಲ್ಲಿ ಬಂದ ಲಾರಿ ಹಾಲ್ಸ್ ಆ್ಯಂಡರ್ಸನ್‌ರ ‘ಸ್ಪೀಕ್’ ಕೂಡ ಇದೇ ಕಾರಣಕ್ಕೆ ಹಿಂದೆಯೇ ದೂರಿಗೆ ಗುರಿಯಾಗಿತ್ತು. ಅತ್ಯಾಚಾರಕ್ಕೊಳಗಾಗಿ ಮಾತು ಕಳೆದುಕೊಂಡ ಒಂಬತ್ತನೇ ತರಗತಿಯ ಹುಡುಗಿಯ ಕತೆ ಅದು. ಅಯೋವಾ ರಾಜ್ಯ 2023ರಲ್ಲಿ ಲೈಂಗಿಕ ಕ್ರಿಯೆಯ ವರ್ಣನೆಯಿರುವ ಪುಸ್ತಕಗಳನ್ನು ಶಾಲಾ ಗ್ರಂಥಾಲಯಗಳಿಂದ ತೆಗೆಯಬೇಕೆಂಬ ಕಾನೂನು ತಂದಿತು. ಅದರ ವಿರುದ್ಧ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಮತ್ತು ರಾಜ್ಯದ ಶಿಕ್ಷಕರ ಸಂಘ ಹೂಡಿದ ದಾವೆಯಲ್ಲಿ ಆ್ಯಂಡರ್ಸನ್ ಮತ್ತು ಪಿಕೊ ಇಬ್ಬರೂ ಫಿರ್ಯಾದಿಗಳು.